ಕೆಡ್ಡಸದ ತಪ್ಪು

ಕೆಡ್ಡಸದ ಮೊದಲ ದಿನ ನಾನು ಭೂಮಿಗೆ ಪಿಕ್ಕಾಸು ಹಾಕಿದೆ. ಹಾಕಿಸಿದವರು ಶೀನಪ್ಪ ಧಣಿಗಳು. ನಿಂತು ನೋಡಿದವನು ಅವರ ಮೇಸ್ತ್ರಿ ಕಮಲಾಕ್ಷ. ತಪ್ಪು ಮಾತ್ರ ನನ್ನ ತಲೆಗೆ ಬಂತು. ಕಲ್ಲು ಹೊರುವ ತಲೆ, ಮಣ್ಣು ಹೊರುವ ತಲೆ, ಅದರ ಮೇಲೆ ಇದೊಂದು ಭಾರವೇ ಎಂದು ಅವರು ಎಣಿಸಿರಬೇಕು.

ಕೆಡ್ಡಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ತುಳುನಾಡಿನಲ್ಲಿ ಭೂಮಿ ಎಂದರೆ ಹೆಂಗಸು. ವರ್ಷಕ್ಕೊಮ್ಮೆ, ಗೇರುಮರ ಹೂ ಬಿಡುವ ದಿನಗಳಲ್ಲಿ, ಅವಳು ಮುಟ್ಟಾಗುತ್ತಾಳೆ. ಮೂರು ದಿನ ಅವಳನ್ನು ಯಾರೂ ನೋಯಿಸಬಾರದು. ಉಳಬಾರದು, ಅಗೆಯಬಾರದು, ಹಸಿ ಮರ ಕಡಿಯಬಾರದು. ಕೊನೆಗೆ ಹೆಂಗಸರು ಅಂಗಳ ಸಾರಿಸಿ, ಅರಸಿನ, ಸೀಗೆ ಇಟ್ಟು ನೆಲಕ್ಕೆ ಎಣ್ಣೆ ಬಿಡುತ್ತಾರೆ. ಅವಳು ಮೀಯುತ್ತಾಳೆ. ಆಮೇಲೆ ಗುದ್ದಲಿ ಹಾಕಬಹುದು.

ನನ್ನ ಅಮ್ಮ ಬಾಗಿಗೆ ಇದು ಹಬ್ಬದ ಮಾತಲ್ಲ, ಮನೆಯೊಳಗಿನ ಮಾತು. ಆ ಮೂರು ದಿನ ಅವಳು ಬಿಸಿ ಗಂಜಿತಿಳಿಯನ್ನು ನೆಲಕ್ಕೆ ಚೆಲ್ಲುವುದಿಲ್ಲ. ಕೊಡಪಾನ ದಡಕ್ಕನೆ ಇಟ್ಟರೆ ಬೈಯುತ್ತಾಳೆ. ನಾನು ಹೊಟ್ಟೆಯಲ್ಲಿದ್ದಾಗ ಗುಡಿಸಲ ಹಿಂದೆ ಗೋಡೆಯ ಹಾಗೆ ನಿಂತ ದರೆಯಿಂದ ಕೆಂಪು ಮಣ್ಣು ಕೆರೆದು ತಿಂದಿದ್ದಳಂತೆ. ಅಕ್ಕಿ ಇಲ್ಲದೆ ಅಲ್ಲ, ಆಸೆಗೆ. "ನಿನ್ನ ಅರ್ಧ ಮೈ ಅವಳದ್ದು" ಎನ್ನುತ್ತಿದ್ದಳು. ಸಣ್ಣವಳಿದ್ದಾಗ ನನಗೆ ನಗು ಬರುತ್ತಿತ್ತು. ಕಲ್ಲು ಕಡಿಯುವ ಕೋರೆಗೆ ಕೆಲಸಕ್ಕೆ ಇಳಿದ ಮೇಲೆ ನಗು ನಿಂತಿತು.

ನಮ್ಮ ಗುಡಿಸಲು ವಾಮದಪದವು ಪೇಟೆಯಿಂದ ಒಳಗೆ, ಒಂದು ಬೋಳು ಪದವಿನ ಮೇಲೆ, ಗುಡ್ಡದ ತಲೆಯ ಬಯಲಲ್ಲಿ ಇತ್ತು. ಪದವೆಲ್ಲ ಶೀನಪ್ಪ ಧಣಿಗಳದ್ದು. ಅರ್ಧ ಸರಕಾರದ್ದು ಎಂದು ಕೆಲವರು ಹೇಳುತ್ತಿದ್ದರು. ಸರಕಾರವನ್ನು ನಾವು ನೋಡಿರಲಿಲ್ಲ, ಧಣಿಗಳನ್ನು ದಿನಾ ನೋಡುತ್ತಿದ್ದೆವು. ಗುಡಿಸಲಲ್ಲಿ ಇದ್ದದ್ದು ನಾನು ಮತ್ತು ಅಮ್ಮ. ಅಪ್ಪನನ್ನು ಅದೇ ಪದವಿನ ತುದಿಯಲ್ಲಿ ಹೂತಿದ್ದೆವು. ಗಂಡ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಉಳಿದ. ಅವನ ಸುದ್ದಿ ಇಷ್ಟು ಸಾಕು.

ಪದವಿನ ಅಡಿಯಲ್ಲಿ ಮನೆ ಕಟ್ಟುವ ಒಳ್ಳೆಯ ಕೆಂಪು ಮುರಕಲ್ಲು ಇದೆ ಎಂದು ಗೊತ್ತಾದ ಮೇಲೆ ಧಣಿಗಳು ಕೋರೆ ತೆರೆದರು. ಮೂಡುಬಿದಿರೆ ಬೆಳೆಯುತ್ತಿದ್ದ ಕಾಲ ಅದು. ಕಟ್ಟಡದ ಮೇಲೆ ಕಟ್ಟಡ. ಕಲ್ಲು ಕಡಿಯುವವರು ಕೇರಳದ ಗಂಡಸರು. ಮೇಲಿನ ಮಣ್ಣು ಅಗೆದು ತೆಗೆಯುವುದು, ಕಡಿದ ಕಲ್ಲನ್ನು ಗುಂಡಿಯಿಂದ ಮೇಲೆ ಹೊತ್ತು ಲಾರಿಗೆ ಕೊಡುವುದು ನಮ್ಮ ಜಾತಿಯ ಹೆಂಗಸರು. ಹಸಿ ಮುರಕಲ್ಲು ತಲೆ ಮೇಲೆ ಕೂತರೆ ಕುತ್ತಿಗೆ ಎದೆಯೊಳಗೆ ಇಳಿಯುತ್ತದೆ. ಸಿಂಬೆ ಇಟ್ಟರೂ ನೆತ್ತಿಯ ಕೂದಲು ಉಳಿಯುವುದಿಲ್ಲ. ಮೀಯಲು ಕೂತರೆ ಕಾಲಡಿಯಿಂದ ಹರಿಯುವ ನೀರು ಕೆಂಪು. ಎಷ್ಟು ಉಜ್ಜಿದರೂ ಕೆಂಪು.

ಕೆಡ್ಡಸದ ಮುಂಚಿನ ಸಂಜೆ ಕಮಲಾಕ್ಷ ಗುಂಡಿಯ ಅಂಚಿನಲ್ಲಿ ನಿಂತು ಕೂಗಿ ಹೇಳಿದ, ನಾಳೆ ಎಲ್ಲರೂ ಬರಬೇಕು ಎಂದು.

"ನಾಳೆ ಕೆಡ್ಡಸ ಅಲ್ವಾ ಕಮಲಾಕ್ಷಣ್ಣ?" ಎಂದೆ.

"ತೋಟದ ಕೆಲಸಕ್ಕೆ ರಜೆ. ಕೋರೆಗೆ ಇಲ್ಲ. ಮೂಡುಬಿದಿರೆಯಿಂದ ಫೋನಿನ ಮೇಲೆ ಫೋನು ಬರ್ತಾ ಉಂಟು."

"ಕೋರೆ ಭೂಮಿ ಅಲ್ವಾ?"

"ಧಣಿಗಳೇ ಹೇಳಿದ್ದಾರೆ, ಕೋರೆ ಅಂದ್ರೆ ಬರೀ ಕಲ್ಲು. ಕಲ್ಲಿಗೆ ಎಂತ ಮುಟ್ಟು ಮಾರಾಯ್ತಿ?"

ಅವನು ನಕ್ಕ. ಗಂಡಸರು ಕೆಲವರು ನಕ್ಕರು. ಧರ್ಮಕ್ಕೆ ಸಂದು ಹುಡುಕುವುದನ್ನು ದೊಡ್ಡವರಿಂದ ಕಲಿಯಬೇಕು.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. "ನೀನು ಹೋಗಬೇಡ" ಎಂದಳು. ಆದರೆ ಹೋಗದಿದ್ದರೆ ಆಮೇಲೆ ಕೆಲಸ ಇಲ್ಲ, ಗುಡಿಸಲೂ ಇಲ್ಲ. ಅದು ಅವಳಿಗೂ ಗೊತ್ತು. ಬೆಳಗ್ಗೆ ನಾನು ಹೊರಟಾಗ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಆ ಬೆಳಗ್ಗೆಯೇ ನನಗೂ ಮುಟ್ಟಾಗಿತ್ತು.

ಕೋರೆಗೆ ಹೋಗುವ ದಾರಿಯಲ್ಲಿ ಧಣಿಗಳ ಅಂಗಳ ಕಾಣುತ್ತದೆ. ಅವರ ಹೆಂಡತಿ ಜಲಜಾಕ್ಷಿಯಮ್ಮ ಮಿಂದು, ಒದ್ದೆ ಕೂದಲಲ್ಲೇ, ತುಳಸಿಕಟ್ಟೆಯ ಹತ್ತಿರ ನೆಲ ಸಾರಿಸುತ್ತಿದ್ದರು. ಹುರಿದ ಅಕ್ಕಿ, ಬೆಲ್ಲದ ಪರಿಮಳ ದಾರಿಯವರೆಗೆ ಬರುತ್ತಿತ್ತು. ತೋಟದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವರ ತೋಟದ ಭೂಮಿ ಮಲಗಿತ್ತು. ಅವರ ಕೋರೆಯ ಭೂಮಿ ನಮಗಾಗಿ ಕಾಯುತ್ತಿತ್ತು.

ಕಮಲಾಕ್ಷನನ್ನು ಒಂದು ಬದಿಗೆ ಕರೆದೆ. ಹೆಂಗಸಾಗಿ ಗಂಡಸಿನ ಹತ್ತಿರ ಹೇಳಬಾರದ್ದನ್ನು ಹೇಳಿದೆ. "ನನಗೂ ಹೊರಗಾಗಿದೆ. ಇವತ್ತು ಅಗೆಯುವ ಕೆಲಸ ಬೇಡ, ಬಿಡಿ" ಎಂದೆ. ಅವನು ನನ್ನ ಮುಖ ನೋಡಲಿಲ್ಲ.

"ಕೋರೆಯಲ್ಲಿ ಎಂತ ಮಡಿ ಮೈಲಿಗೆ? ಇವತ್ತು ಹೋದವಳು ನಾಳೆ ಬರುವುದು ಬೇಡ."

ನಾನು ಗುಂಡಿಯ ಮೇಲಿನ ಬದಿಗೆ ಹೋದೆ. ಹುಲ್ಲು ಹಾಗೇ ಇದ್ದ ನೆಲ. ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅಮ್ಮಾ, ನಿನಗೂ ಇವತ್ತು, ನನಗೂ ಇವತ್ತು, ಇಬ್ಬರಿಗೂ ಬಿಡುವಿಲ್ಲ, ಕ್ಷಮಿಸು ಎಂದೆ. ನಿಜವಾಗಿ ಹೇಳಿದೆ, ಬಾಯಿಬಿಟ್ಟು ಹೇಳಿದೆ. ಆಮೇಲೆ ಪಿಕ್ಕಾಸು ಎತ್ತಿ ಹಾಕಿದೆ. ಅದು ನೆಲಕ್ಕೆ ಬಿದ್ದ ಪೆಟ್ಟು ಕೈಯಿಂದ ಏರಿ ನನ್ನ ಕಿಬ್ಬೊಟ್ಟೆಯಲ್ಲಿ ನಿಂತಿತು. ಎರಡನೆಯ ಪೆಟ್ಟೂ ಅಲ್ಲೇ. ಮಧ್ಯಾಹ್ನದವರೆಗೆ ನಾನು ಯಾರನ್ನು ಕಡಿಯುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ. ಬಟ್ಟೆ ನೆನೆದು ತೊಡೆಗೆ ಅಂಟಿತು. ಬದಲಿಸಲು ಮರೆ ಇರಲಿಲ್ಲ. ಮಣ್ಣು ಕೆಂಪು, ಸೀರೆ ಕೆಂಪು, ಯಾರಿಗೂ ಗೊತ್ತಾಗಲಿಲ್ಲ.

ಲಾರಿ ಓಡಿಸುವ ಹಸೈನಾರ್ ಬ್ಯಾರಿ ಮಾತ್ರ ಕೇಳಿದರು. "ಇವತ್ತು ಸಹ ಅಗೆಯುವುದಾ ನೀವು? ನನ್ನ ಹೆತ್ತ ಉಮ್ಮ ಮೈಮೂನಮ್ಮ ಈ ಮೂರು ದಿನ ಬಸಳೆಯ ಬುಡ ಸಹ ಕೆದಕುವುದಿಲ್ಲ. ನಮ್ಮ ದೀನಿನಲ್ಲಿ, ಧರ್ಮದಲ್ಲಿ, ಇದು ಇಲ್ಲ. ಆದ್ರೆ ಮಣ್ಣು ಒಂದೇ ಅಲ್ವಾ ಅಂತಾರೆ."

"ಬ್ಯಾರಿಗಳೇ, ನೀವು ಲೋಡು ನೋಡಿ" ಎಂದ ಕಮಲಾಕ್ಷ.

ಅವರು ಲೋಡು ನೋಡಿದರು. ಅವರದ್ದೂ ಹೊಟ್ಟೆಪಾಡು.

ಇದು ಇಲ್ಲಿಗೇ ಮುಗಿಯಬಹುದಿತ್ತು. ನಾನು ಮತ್ತು ಭೂಮಿ ಹೇಗೋ ತೀರಿಸಿಕೊಳ್ಳುತ್ತಿದ್ದೆವು. ಆದರೆ ಬೇಸಗೆಯ ಕೊನೆಗೆ ಮೊದಲ ದೊಡ್ಡ ಮಳೆ ಹೊಡೆಯಿತು. ಮರುದಿನ ಬೆಳಗ್ಗೆ ಧಣಿಗಳ ಮನೆಯ ಬಾವಿಯ ನೀರು ಕೆಂಪಾಗಿತ್ತು. ಕುಡಿಯುವ ಬಾವಿ. ಕೊಡಪಾನ ಇಳಿಸಿದ ಜಲಜಾಕ್ಷಿಯಮ್ಮ ಕಿರುಚಿದ್ದು ಪದವಿಗೆ ಕೇಳಿಸಿತು.

ಕೋರೆ ಮೇಲೆ, ಬಾವಿ ಕೆಳಗೆ. ಗುಂಡಿಯಲ್ಲಿ ಕಲಸಿದ ಮಣ್ಣುನೀರು ಕಲ್ಲಿನ ಸಂದಿನಲ್ಲಿ ಇಳಿದು ಬಾವಿಗೆ ಬಂದಿದೆ. ಇದು ಊರಿನ ಎಲ್ಲರಿಗೂ ಗೊತ್ತು, ಧಣಿಗಳಿಗೂ ಗೊತ್ತು. ಆದರೆ ಹಾಗೆಂದರೆ ಕೋರೆ ಮುಚ್ಚಬೇಕಲ್ಲ. ಹಾಗಾಗಿ ಬೆಳ್ತಂಗಡಿ ಕಡೆಯ ಜೋಯಿಸರೊಬ್ಬರನ್ನು ಕರೆಸಿ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಸರಿಸಿ, ಕೆಡ್ಡಸದಲ್ಲಿ ಭೂಮಿಗೆ ಕಬ್ಬಿಣ ತಾಗಿದೆ, ಇದು ಭೂಮಿಯ ರಕ್ತ ಎಂದರು. ಧಣಿಗಳು ಕಮಲಾಕ್ಷನ ಕಡೆ ತಿರುಗಿದರು. ಆಗ ಕಮಲಾಕ್ಷ ಬಾಯಿ ಬಿಟ್ಟ. "ಕಾಂತಿ ಅಗೆದದ್ದು. ಅವಳಿಗೆ ಆವತ್ತು ಹೊರಗಾಗಿತ್ತಂತೆ. ನಮ್ಮ ಹತ್ತಿರ ಹೇಳದೆ ಬಂದು ಪಿಕ್ಕಾಸು ಹಿಡಿದಿದ್ದಾಳೆ."

ಹೇಳದೆ! ನನ್ನ ಮಾನ ಬಿಟ್ಟು ಅವನ ಕಿವಿಯಲ್ಲಿ ಹೇಳಿದ ಮಾತನ್ನು ಅವನು ಊರ ಮುಂದೆ ನನ್ನ ಕಳ್ಳತನವನ್ನಾಗಿ ಮಾಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಲ್ಲರಿಗೂ ನಿರಾಳವಾಯಿತು. ಕಟ್ಟೆಯಲ್ಲಿ, ಬಸ್ಸಿನಲ್ಲಿ, ಹೋಟೆಲಿನಲ್ಲಿ ನನ್ನ ಮುಟ್ಟಿನ ಮಾತು. ನಾನು ದಾರಿಯಲ್ಲಿ ಹೋದರೆ ಗಂಡಸರು ನನ್ನ ಸೀರೆಯ ಹಿಂಬದಿ ನೋಡುತ್ತಿದ್ದರು.

ತಪ್ಪು ಕಾಣಿಕೆ ಏನೆಂದು ಗೊತ್ತುಮಾಡಿದರು. ನಾನು ಧಣಿಗಳ ಅಂಗಳಕ್ಕೆ ಬಂದು ಬಾವಿಯ ಬದಿಯ ನೆಲಕ್ಕೆ ಎಣ್ಣೆ ಬಿಟ್ಟು, ಹಣೆ ಊರಿ, ಜೋಯಿಸರು ಹೇಳಿಕೊಟ್ಟ ಮಾತು ಹೇಳಬೇಕು. ಯಾವ ಅಂಗಳ? ಹುಟ್ಟಿದಾಗಿನಿಂದ ನಾನು ಅದರ ಹೊರಗಿನ ಕಲ್ಲು ದಾಟಿದವಳಲ್ಲ. ಬಾವಿಯ ಕೆಸರು ತೆಗೆಯಲು ನಮ್ಮ ಗಂಡಸರು ಒಳಗೆ ಇಳಿಯಬಹುದು. ಮೇಲೆ ನಿಂತು ಒಂದು ಕೊಡಪಾನ ನೀರು ಎಳೆಯುವ ಹಾಗಿಲ್ಲ. ಈಗ ತಪ್ಪು ಒಪ್ಪುವುದಕ್ಕೆ ಬಾಗಿಲು ತೆರೆಯಿತು.

"ಹೋಗು ಮಗಾ" ಎಂದಳು ಅಮ್ಮ. "ಬಗ್ಗುವುದು ಭೂಮಿಗೆ. ಧಣಿಗಳಿಗೆ ಅಲ್ಲ."

"ಕಡಿಸಿದ್ದು ಅವರು."

"ಕಡಿದದ್ದು ನೀನೇ ಅಲ್ವಾ? ಅವಳಿಗೆ ನೋವು ಆಗಿದೆ. ಒಂದು ಮಾತು ಹೇಳಿದ್ರೆ ನಿನ್ನದೆಂತ ಹೋಗ್ತದೆ? ಹೇಳದಿದ್ರೆ ನಾವು ಎಲ್ಲಿಗೆ ಹೋಗುವುದು?"

ಇದೇ ನನ್ನನ್ನು ಕೊಂದದ್ದು. ನನಗೆ ಭಕ್ತಿ ಇಲ್ಲದಿದ್ದರೆ ಸುಲಭವಿತ್ತು, ಎಲ್ಲ ಸುಳ್ಳು ಎಂದು ಉಗುಳಿ ಬರುತ್ತಿದ್ದೆ. ನನಗೆ ಭೂಮಿಯಲ್ಲಿ ನಂಬಿಕೆ ಇತ್ತು. ಕೆಡ್ಡಸದ ನಂತರ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ನೆಲದ ಮೇಲೆ ಮಲಗಿದರೆ ಅಡಿಯಲ್ಲಿ ಯಾರೋ ನರಳಿದ ಹಾಗೆ ಆಗುತ್ತಿತ್ತು. ಹಣೆ ಊರಿ ಅಳಬೇಕು ಎಂದು ಮನಸ್ಸು ಕೇಳುತ್ತಿತ್ತು. ಆ ಅಳುವನ್ನೇ ಅವರು ತಮ್ಮ ಕೋರೆಯ ಕೆಲಸಕ್ಕೆ ಹಚ್ಚಲು ಹೊರಟಿದ್ದರು. ಆದರೂ ನಾನು ಒಪ್ಪಿದೆ. ಗುಡಿಸಲು ಉಳಿಯಲಿ ಎಂದು, ಅಮ್ಮನಿಗಾಗಿ.

ಅಂಗಳದಲ್ಲಿ ಊರಿನ ದೊಡ್ಡವರೆಲ್ಲ ಕೂತಿದ್ದರು. ಶೀನಪ್ಪ ಧಣಿಗಳು ಜಗಲಿಯಲ್ಲಿ, ಜಲಜಾಕ್ಷಿಯಮ್ಮ ಬಾಗಿಲ ಹಿಂದೆ. ಅಮ್ಮ ಹೊರಗಿನ ಕಲ್ಲಿನ ಹತ್ತಿರ ಕೈಕಟ್ಟಿ ನಿಂತಿದ್ದಳು. ಎಣ್ಣೆಯ ದೊನ್ನೆಯನ್ನು ನನ್ನ ಕೈಗೆ ಕೊಡಲಿಲ್ಲ, ನೆಲದಲ್ಲಿಟ್ಟು ಸರಿದರು. ನಾನು ಮೊಣಕಾಲೂರಿ ಕೂತೆ. ಆ ಮಣ್ಣು ತಣ್ಣಗಿತ್ತು. ಕಣ್ಣು ತುಂಬಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ನಾನೇ ಹಣೆ ಊರುತ್ತಿದ್ದೆ.

ಆಗ ಜೋಯಿಸರು ಮಾತು ಹೇಳಿಕೊಟ್ಟರು.

"ಹೇಳು. ಯಾರೂ ಹೇಳದೆ, ನನ್ನ ಮನಸ್ಸಿನಿಂದಲೇ, ಮೈಲಿಗೆಯಲ್ಲಿ ನಾನು ಭೂಮಿಯನ್ನು ಕಡಿದೆ. ಈ ಮನೆಗೂ ಇದಕ್ಕೂ ಸಂಬಂಧ ಇಲ್ಲ. ಇದರ ದೋಷವೆಲ್ಲ ನನಗೆ ಮತ್ತು ನನ್ನವರಿಗೆ ಇರಲಿ."

ನಾನು ತಲೆ ಎತ್ತಿದೆ.

"ಯಾರೂ ಹೇಳದೆ ಅಂತ ಹೇಳ್ಬೇಕಾ?"

"ಹೇಳಿಕೊಟ್ಟದ್ದನ್ನು ಹೇಳು" ಎಂದ ಕಮಲಾಕ್ಷ.

"ನಿನಗೆ ನಾನು ಹೇಳಿದ್ದೆ. ಹೊರಗಾಗಿದೆ, ಬಿಡಿ ಅಂತ ಕೇಳಿದ್ದೆ. ನಾಳೆ ಬರುವುದು ಬೇಡ ಅಂದವನು ನೀನು."

ನೀನು ಎಂದದ್ದು ನನ್ನ ಬಾಯಿಯಿಂದ ಹೇಗೆ ಬಂತೋ. ಕಮಲಾಕ್ಷ ಧಣಿಗಳ ಮುಖ ನೋಡಿದ. ಬಾಗಿಲ ಹಿಂದಿನಿಂದ ಜಲಜಾಕ್ಷಿಯಮ್ಮ, "ಹೌದಾ ಕಮಲಾಕ್ಷ?" ಎಂದರು. "ನೀನು ಒಳಗೆ ಹೋಗು" ಎಂದರು ಧಣಿಗಳು. ಅವರು ಹೋದರು. ಅವರೂ ಆ ಮನೆಯಲ್ಲಿ ಹೆಂಗಸೇ.

"ನೆಲಕ್ಕೆ ಹಣೆ ಇಟ್ಟು ಸುಳ್ಳು ಹೇಳುವುದಿಲ್ಲ ಧಣಿ" ಎಂದೆ. "ಕಡಿದ ತಪ್ಪು ಆವತ್ತೇ ಹೇಳಿಕೊಂಡಿದ್ದೇನೆ. ಇನ್ನು ಇವಳ ಮೈಮೇಲೆ ಬಿದ್ದು ಸುಳ್ಳು ಹೇಳಿದ್ರೆ ಅದಕ್ಕೆ ಯಾವ ಎಣ್ಣೆಯೂ ಸಾಕಾಗ್ಲಿಕ್ಕಿಲ್ಲ."

ಧಣಿಗಳು ಎದ್ದು ನಿಂತರು. "ಯಾರ ನೆಲದಲ್ಲಿ ನಿಂತು ಮಾತಾಡ್ತಾ ಇದ್ದಿ, ಗೊತ್ತುಂಟಾ?"

"ನಿಮ್ಮದೇ ಅಂತ ಇಟ್ಟುಕೊಳ್ಳುವ. ಹಾಗಾದ್ರೆ ನಿಮ್ಮ ನೆಲವನ್ನು ಮುಟ್ಟಿನ ದಿನ ಕಡಿಸಿದ್ದು ಯಾರು? ಕಲ್ಲಿಗೆ ಎಂತ ಮುಟ್ಟು ಅಂತ ಕೇಳಿದ್ದು ಯಾರು? ಆಗ ಕಲ್ಲು, ಈಗ ರಕ್ತವಾ?"

ದೊನ್ನೆ ಎತ್ತಿದೆ. ಎಣ್ಣೆಯನ್ನು ನಿಧಾನಕ್ಕೆ ನೆಲಕ್ಕೆ ಬಿಟ್ಟೆ. ಮಣ್ಣು ಕುಡಿಯಿತು.

"ಎಣ್ಣೆ ಅವಳದ್ದು. ಬಿಟ್ಟಿದ್ದೇನೆ. ಮಾತು ನಿಮ್ಮದು. ನೀವೇ ಬಗ್ಗಿ ಹೇಳಿ."

ಎದ್ದು ಬಂದೆ. ಬೆನ್ನ ಹಿಂದೆ ಬೈಗಳು ಬಂತು. ಕಮಲಾಕ್ಷ ಹೊಡೆಯಲು ಬಂದನಂತೆ, ಮೈಲಿಗೆ ಎಂದು ಯಾರೋ ತಡೆದರಂತೆ. ಮೈಲಿಗೆಯಿಂದ ನನಗೆ ಆದ ಉಪಕಾರ ಅದೊಂದೇ.

ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಆಮೇಲೂ ಆಡಲಿಲ್ಲ. ಒಂದೇ ಒಲೆಯ ಗಂಜಿ ಕುಡಿದೆವು, ಒಂದೇ ಚಾಪೆಯಲ್ಲಿ ಮಲಗಿದೆವು. ಅವಳಿಗೆ ನಾನು ಗುಡಿಸಲನ್ನು ಬಲಿ ಕೊಟ್ಟವಳು. ನನಗೆ ಅವಳ ಮೌನ ತಲೆಯ ಮೇಲಿನ ಕಲ್ಲಿಗಿಂತ ಭಾರವಾಗಿತ್ತು. ಕೋರೆಯ ಕೆಲಸ ಹೋಯಿತು. ಧಣಿಗಳ ಹೆದರಿಕೆಗೆ ಊರಿನಲ್ಲಿ ಯಾರೂ ಕರೆಯಲಿಲ್ಲ. ಹಸೈನಾರ್ ಬ್ಯಾರಿ ಹೇಳಿಸಿದ್ದರಿಂದ ಕಲ್ಲಡ್ಕದ ಕಡೆ ಒಂದು ಕಟ್ಟಡದಲ್ಲಿ ಸಿಮೆಂಟು ಹೊರುವ ಕೆಲಸ ಸಿಕ್ಕಿತು. ಎರಡು ಬಸ್ಸು ಬದಲಿಸಿ ಹೋಗಿಬರುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಪದವಿಗೆ ಮಿಷನು ಬಂತು. ಹಳಿಯ ಮೇಲೆ ಓಡುವ ಚಕ್ರದ ಗರಗಸ. ಬೆಣ್ಣೆ ಕೊಯ್ದ ಹಾಗೆ ಕಲ್ಲು ಕೊಯ್ಯುತ್ತದೆ. ಅದರ ಧೂಳು ನಮ್ಮ ಗಂಜಿಯಲ್ಲಿ, ನಮ್ಮ ಕಣ್ಣಿನಲ್ಲಿ. ಇಡೀ ಪದವು ಖಾಲಿ ಬಿದ್ದಿರುವಾಗ ಧಣಿಗಳು ಅದನ್ನು ನಮ್ಮ ಗುಡಿಸಲಿನ ಕಡೆಗೇ ತಿರುಗಿಸಿದರು. ಮೊದಲು ಹಿಂದಿನ ದರೆ ಹೋಯಿತು, ಅಮ್ಮ ಬಸುರಿಯಾಗಿದ್ದಾಗ ಮಣ್ಣು ಕೆರೆದು ತಿಂದ ದರೆ. ಆಮೇಲೆ ಅಪ್ಪನನ್ನು ಹೂತ ಜಾಗ. ಮಣ್ಣಿನ ಜೊತೆ ಅಪ್ಪನ ಎಲುಬು ಎಲ್ಲಿ ಹೋಯಿತೋ ನಮಗೆ ಯಾರೂ ಹೇಳಲಿಲ್ಲ. ಅಮ್ಮ ರಾಶಿ ಹಾಕಿದ ಮಣ್ಣಿನಲ್ಲಿ ಕೈಯಿಂದ ಹುಡುಕಿದಳು. ಸಿಗಲಿಲ್ಲ. ಕೊನೆಗೆ ಮೂರು ಬದಿಯಲ್ಲಿ ಗುಂಡಿ, ನಡುವೆ ನಮ್ಮ ಗುಡಿಸಲು, ಎದುರಿಗೆ ಹೋಗಿಬರುವಷ್ಟು ನೆಲ.

ನಾನು ತಾಲೂಕು ಕಚೇರಿಗೆ ಹೋದೆ. ನೆಲ ಯಾರ ಹೆಸರಲ್ಲಿ ಉಂಟು ಎಂದು ಕೇಳಿದರು. ನಾವು ಇರುವುದು ಅಲ್ಲೇ ಎಂದೆ. ಇರುವುದು ಬೇರೆ, ಹೆಸರು ಬೇರೆ ಎಂದರು.

ಒಂದು ಬೆಳಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಮಿಷನಿನ ಹಳಿಯನ್ನು ನಮ್ಮ ಬಾಗಿಲ ಮುಂದೆ ತಂದು ಹಾಕಿದರು. ಕಮಲಾಕ್ಷ ಬಂದಿದ್ದ. ಅವನ ಹಿಂದೆ ಕೂಲಿಯವರು. ಅವರಲ್ಲಿ ನನ್ನ ಜೊತೆ ಕಲ್ಲು ಹೊತ್ತ ಹೆಂಗಸರೂ ಇದ್ದರು, ಮುಖ ತಗ್ಗಿಸಿ ನಿಂತಿದ್ದರು.

"ಧಣಿಗಳು ಈಗಲೂ ಹೇಳಿದ್ದಾರೆ" ಎಂದ ಕಮಲಾಕ್ಷ. "ಆ ಮಾತು ಹೇಳಿದ್ರೆ ಗುಡಿಸಲು ಬಿಡ್ತೇವೆ. ನೀನು ಬೇಡ, ಬಾಗಿ ಹೇಳಿದ್ರೂ ಆಗ್ತದೆ. ಹೆತ್ತವಳಲ್ವಾ, ಅವಳಿಗೂ ದೋಷ ತಾಗ್ತದೆ."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಮ್ಮ ಬಂದಳು.

"ಹೇಳ್ತೇನೆ" ಎಂದಳು.

"ಬೇಡ ಅಮ್ಮ" ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಹಳಿಯ ಎದುರಿಗೆ ಹೋಗಿ ಮೊಣಕಾಲೂರಿದಳು. ಅವಳ ಕಾಲು ಮಡಚುವುದಿಲ್ಲ, ಕಷ್ಟಪಟ್ಟು ಮಡಚಿದಳು. ಎರಡೂ ಅಂಗೈ ನೆಲಕ್ಕೆ ಒತ್ತಿ ಹಣೆ ಊರಿದಳು. ಕಮಲಾಕ್ಷನ ಮುಖ ಅರಳಿತು.

ಅಮ್ಮ ಗಟ್ಟಿಯಾಗಿ ಹೇಳಿದಳು. ನೆಲಕ್ಕೆ ಬಾಯಿ ತಾಗುತ್ತಿದ್ದರೂ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅಮ್ಮಾ, ನಾನು ಬಾಗಿ. ಕೆಡ್ಡಸದ ದಿನ ನಿನ್ನನ್ನು ಕಡಿಸಿದ್ದು ಶೀನಪ್ಪ ಧಣಿಗಳು. ನಿಂತು ಕಡಿಸಿದವ ಈ ಕಮಲಾಕ್ಷ. ಹೊಟ್ಟೆಗೆ ಬೇಕಾಗಿ ಕಡಿದವಳು ನನ್ನ ಮಗಳು ಕಾಂತಿ, ಅವಳಿಗೂ ಆವತ್ತು ನಿನ್ನ ಹಾಗೆಯೇ ಆಗಿತ್ತು. ಹೋಗಬೇಡ ಅಂತ ಹೇಳಿದವಳು ನಾನು, ಹೋಗುವಾಗ ತಡೆಯದೆ ಮಲಗಿದವಳೂ ನಾನೇ. ಯಾರದ್ದು ಎಷ್ಟು ಅಂತ ನಿನಗೆ ಗೊತ್ತುಂಟು. ಅವರವರಿಗೆ ಅವರವರದ್ದು ಕೊಡು."

ಕೂಲಿಯ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟು ಹೊರಟುಹೋದಳು. ಇನ್ನೊಬ್ಬಳೂ ಹೋದಳು. ಉಳಿದವರು ಹೋಗಲಿಲ್ಲ. ಅವರಿಗೂ ಮಕ್ಕಳಿದ್ದಾರೆ.

"ಮಿಷನು ಶುರು ಮಾಡಿ" ಎಂದ ಕಮಲಾಕ್ಷ.

ನಾನು ಅಮ್ಮನನ್ನು ಎಬ್ಬಿಸಿದೆ. ಅವಳು ನನ್ನ ಕೈ ಹಿಡಿದಳು. "ನಡಿ ಮಗಾ" ಎಂದಳು. ಅಷ್ಟು ತಿಂಗಳಲ್ಲಿ ನನ್ನ ಹತ್ತಿರ ಆಡಿದ ಮೊದಲ ಮಾತು. ಚಾಪೆ, ಪಾತ್ರೆ, ಬಟ್ಟೆಯ ಗಂಟು ಹೊತ್ತು ರಸ್ತೆಗೆ ಇಳಿದೆವು. ಎಲ್ಲಿಗೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಸಂಜೆಯೊಳಗೆ ಗುಡಿಸಲು ನಿಂತ ನೆಲವನ್ನೂ, ಅಮ್ಮ ಹಣೆ ಊರಿದ ನೆಲವನ್ನೂ ಕೊಯ್ದು ಲಾರಿಗೆ ಹಾಕಿದರಂತೆ. ಆ ಕಲ್ಲು ಮೂಡುಬಿದಿರೆಯಲ್ಲಿ ಯಾರದೋ ಮನೆಯ ಗೋಡೆಯಲ್ಲಿ ಉಂಟು. ಮೇಲೆ ಸಿಮೆಂಟು ಸಾರಿಸಿ ಬಣ್ಣ ಬಳಿದಿರಬಹುದು. ಅಮ್ಮ ಹೇಳಿದ್ದನ್ನು ಅದು ಕೇಳಿದೆ.